ತೊಳೆದ ಪದಕ

ಸಂಜೆ ಹಲ್ಲಿನ ಡಾಕ್ಟರು ಪದಕ ಅದಲುಬದಲಿಗೆ ಬರುವವರಿದ್ದರು. ಬೀರುವಿನಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿದವಳ ಎದೆ ಧಸಕ್ಕೆಂದಿತು. ಹಳೆಯ ಸಂಗೀತ ಸ್ಪರ್ಧೆಯ ಚಿನ್ನದ ಪದಕ, ಅವಳ ಸಂಗ್ರಹದಲ್ಲೇ ಅಪರೂಪದ್ದು, ಹೊಸ ಚಮಚದ ಹಾಗೆ ಫಳಫಳ ಹೊಳೆಯುತ್ತಿತ್ತು.

“ಅತ್ತಿಗೆ, ಇದನ್ನ ಯಾರು ಮುಟ್ಟಿದ್ದು?”

“ನಾನೇ ಕಣೇ,” ಗಂಡನ ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. “ದೊಡ್ಡ ಮನುಷ್ಯರು ನೋಡೋಕೆ ಬರ್ತಾರೆ, ಇದು ಮುಖ ಕಪ್ಪು ಮಾಡ್ಕೊಂಡು ಕೂತಿದೆ. ಹಲ್ಲುಪುಡಿ ಹಾಕಿ ತಿಕ್ಕಿದೆ. ಹೊಗಳೋದೇನೂ ಬೇಡ ಬಿಡು.”

ಒಳ್ಳೆಯದು ಮಾಡಿದವಳನ್ನು ಏನೆಂದು ಬೈಯುವುದು? ಪದಕ ಕೂಡಿಡುವವರ ಬಾಯಲ್ಲಿ ‘ತೊಳೆದದ್ದು’ ಎಂದರೆ ಸತ್ತದ್ದು ಎಂದೇ ಅರ್ಥ. ಕಾಲ ಹಚ್ಚಿದ ಕೆಂಪು ಛಾಯೆ ಹೋದ ಮೇಲೆ ಯಾರೂ ಮೂಸಿಯೂ ನೋಡುವುದಿಲ್ಲ.

ಇದನ್ನು ಕೊಟ್ಟು ಅವಳು ಡಾಕ್ಟರಿಂದ ಪಡೆಯಬೇಕಿದ್ದದ್ದು ದಾದಿಯರ ಶಾಲೆಯ ಚಿನ್ನದ ಪದಕ. ವರ್ಷಕ್ಕೆ ಒಬ್ಬಳಿಗೇ ಸಿಗುತ್ತಿದ್ದದ್ದು. ಅಮ್ಮನಿಗೂ ಒಂದು ಬಂದಿತ್ತು. ಮನೆ ಬದಲಿಸುವಾಗ ಕಳೆದುಹೋಯಿತು. ಅಮ್ಮನದ್ದೇ ಬೇಕೆಂಬ ಹುಚ್ಚು ಆಸೆ ಅವಳಿಗಿರಲಿಲ್ಲ. ಅಂಥದ್ದೊಂದನ್ನು ಅಂಗೈಯಲ್ಲಿ ಹಿಡಿದರೆ ಸಾಕಿತ್ತು.

ಡಾಕ್ಟರಿಗೆ ಈಚೆಗೆ ಕಣ್ಣು ಮಂಜು. ಮಬ್ಬಿನಲ್ಲಿ ತೋರಿಸಿದರೆ? ಅವಳು ಪರದೆ ಎಳೆದಳು. ನಾಚಿಕೆಯಾಗಿ ಸರಿಸಿದಳು. ಮತ್ತೆ ಎಳೆದಳು.

“ಪರದೆ ಏನೇ ಮಾಡ್ತು ನಿಂಗೆ?” ಎಂದಳು ಅತ್ತಿಗೆ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಡಾಕ್ಟರು ಕುರ್ಚಿಯಲ್ಲಿ ಕೂತವರೇ ಕೈ ಚಾಚಿದರು. ಕೊಟ್ಟುಬಿಡು ಎಂದಿತು ಒಂದು ಮನಸ್ಸು.

“ಡಾಕ್ಟ್ರೇ, ಇದು... ತೊಳೆದದ್ದು.”

“ಏನು ಹಾಕಿ?”

“ಹಲ್ಲುಪುಡಿ.”

“ಅದನ್ನ ಹಲ್ಲಿಗೇ ಹಾಕ್ಬೇಡಿ ಅಂತ ಜನ್ಮವಿಡೀ ಬಾಯಿ ಬಡ್ಕೊಂಡೆ!” ಎಂದು ನಕ್ಕರು. ಆದರೆ ಅವರ ಪದಕದ ಡಬ್ಬಿ ಜೇಬಿನಿಂದ ಹೊರಗೆ ಬರಲಿಲ್ಲ. ಹೋಯಿತು, ಎಂದುಕೊಂಡಳು.

ಡಾಕ್ಟರು ಕತ್ತು ಕೆರೆದುಕೊಂಡರು. “ನೀವು ಹೇಳಿಬಿಟ್ರಿ. ನನ್ನದೂ ತೊಳೆದದ್ದೇ, ನಾನು ಹೇಳ್ದೇನೇ ಸಾಗಹಾಕೋಣ ಅಂತ ಬಂದಿದ್ದೆ. ನೋಡಿ.”

ಅವರು ಡಬ್ಬಿಯಿಂದ ತೆಗೆದಿಟ್ಟ ಪದಕದ ಮೇಲೆ ದೀಪ ಹಿಡಿದ ಹೆಣ್ಣು. ಆ ಹೆಣ್ಣಿನ ಮೂಗು ಸವೆದು ಚಪ್ಪಟೆಯಾಗಿತ್ತು.

ಪ್ರತಿ ಭಾನುವಾರ ಬಚ್ಚಲ ಮೆಟ್ಟಿಲ ಮೇಲೆ ಕೂತು, ಹೆಬ್ಬೆರಳಿಗೆ ಹಲ್ಲುಪುಡಿ ಮೆತ್ತಿಕೊಂಡು, ತನ್ನ ಪದಕವನ್ನು ಮೂಗಿನಿಂದಲೇ ತಿಕ್ಕಲು ಶುರುಮಾಡುತ್ತಿದ್ದಳು ಅಮ್ಮ. “ಚಿನ್ನ ಅಂದ್ಮೇಲೆ ಮಿಂಚಬೇಕಪ್ಪ.” ಈ ಪದಕದ ಅಂಚಿನಲ್ಲಿ ಕೊರೆದ ಹೆಸರೂ ಅಳಿಸಿತ್ತು, ಮೊದಲಕ್ಷರವೊಂದು ಬಿಟ್ಟು. ಅದು ಅಮ್ಮನ ಹೆಸರಿನದೇ ಅಕ್ಷರ.

“ಬೇಡ ಅಂದ್ರೆ ಬೇಡ ಅನ್ನಿ,” ಎಂದರು ಡಾಕ್ಟರು. “ತೊಳೆದದ್ದಕ್ಕೆ ತೊಳೆದದ್ದು ಆದ್ರೆ ನನ್ನ ತಕರಾರಿಲ್ಲ.”

ಅವಳು ಆಗಲಿ ಎಂದು ತಲೆಯಾಡಿಸಿದಳು. ತನ್ನದನ್ನು ಅವರ ಕೈಗಿಟ್ಟು, ದೀಪದ ಹೆಣ್ಣನ್ನು ಅಂಗೈಗೆ ಎತ್ತಿಕೊಂಡಳು.

ಚಹಾ ತಂದ ಅತ್ತಿಗೆ ಬಗ್ಗಿ ನೋಡಿದಳು. “ಅಯ್ಯೋ, ಇದೂ ಮಂಕಾಗಿದೆಯಲ್ಲೇ! ಕೊಡು, ಒಂದ್ಸಲ ತಿಕ್ಕಿ ಕೊಡ್ತೀನಿ.”

“ಬೇಡ!”

ಅವಳು ಚೀರಿದ ರಭಸಕ್ಕೆ ಚಹಾ ತುಳುಕಿತು. ಮುಷ್ಟಿಯೊಳಗೆ ಆ ಚಪ್ಪಟೆ ಮೂಗಿನ ಮೇಲೆ ಹೆಬ್ಬೆರಳು ತಾನಾಗಿಯೇ ಆಡುತ್ತಿದ್ದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಬೆಚ್ಚಿ ಬೆರಳು ತೆಗೆದಳು.