ಸಿಟ್ಟು ಕಂಡ ತಮಾಲೆ

ವಾರಗಿತ್ತಿಯರಿಬ್ಬರನ್ನು ಒಂದೇ ಮಳಿಗೆಯಲ್ಲಿ ಕೂರಿಸಿದ ಪುಣ್ಯಾತ್ಮ, ಮೇಳದ ಅಧಿಕಾರಿ ಉಲಿಸೆಸ್. ರಾಜಧಾನಿಯಿಂದ ಬಂದವನು. 'ಒಂದೇ ಮನೆತನ, ಒಂದೇ ಪರಂಪರೆ' ಎಂದು ಫಲಕವನ್ನೂ ಬರೆಸಿದ್ದ. ಓಹಾಕಾ ಊರಿನ ಆ ಚೌಕದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ತೊಮಾಸಾ ಮತ್ತು ಎರ್ಮಿನಿಯಾ ಎಣ್ಣೆ ಸೀಗೆಕಾಯಿ ಎಂದು. ಅತ್ತೆ ಸಾಯುವಾಗ ತನ್ನ ಅರೆಯುವ ಕಲ್ಲನ್ನು ಕಿರಿಸೊಸೆ ಎರ್ಮಿನಿಯಾಗೆ ಕೊಟ್ಟುಹೋಗಿದ್ದಳು. ಅಡುಗೆಯ ಗಂಧಗಾಳಿಯಿಲ್ಲದ ಅವಳು ಅದರ ಮೇಲೆ ಹೂಕುಂಡ ಇಟ್ಟಿದ್ದಳು. ಆ ಹೂಕುಂಡ ಕಂಡಾಗಲೆಲ್ಲ ತೊಮಾಸಾಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಅವಳಿಗೆ ಬೇಕಿದ್ದದ್ದು ಅಡುಗೆಯ ಮೊದಲ ಬಹುಮಾನ. ಅದು ಬಂದರೆ ಮುಂದಿನ ವರ್ಷ ಚರ್ಚಿನ ಬಾಗಿಲೆದುರಿನ ಮಳಿಗೆ ಅವಳೊಬ್ಬಳದೇ. ಪ್ರಾರ್ಥನೆ ಮುಗಿಸಿ ಹಸಿದು ಬಂದವರೆಲ್ಲ ಅಲ್ಲೇ ಮುಗಿಬೀಳುತ್ತಾರೆ. ಪಕ್ಕದಲ್ಲಿ ಕಸೂತಿ ರವಿಕೆ ಮಾರುವ ಎರ್ಮಿನಿಯಾಳ ಮುಖ ನೋಡುವ ಕರ್ಮವೂ ಇರುವುದಿಲ್ಲ.

ಬೆಳಿಗ್ಗೆಯೇ ತೊಮಾಸಾ ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ, ತಮಾಲೆಗಳನ್ನು ದೊಡ್ಡ ಪಾತ್ರೆಯಲ್ಲಿ ಹಬೆಗಿಟ್ಟಳು. ಮಧ್ಯಾಹ್ನವಾದರೂ ಹಿಟ್ಟು ಹಿಟ್ಟೇ. ತೀರ್ಪುಗಾರರು ಆಗಲೇ ಮರದ ಗೊಂಬೆಗಳ ಸಾಲಿಗೆ ಬಂದು, ನಗುತ್ತಿದ್ದ ಮೊಲದ ಗೊಂಬೆಯನ್ನು ಕೈಗೆತ್ತಿಕೊಂಡು "ಆಹಾ, ಎಂಥ ನೋವು!" ಎನ್ನುತ್ತಿದ್ದರು.

"ಯಾಕಕ್ಕಾ, ಇನ್ನೂ ಬೆಂದಿಲ್ವಾ?" ಎರ್ಮಿನಿಯಾ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ನಿನ್ ಮೋರೆ ಎದುರಿಗಿದ್ರೆ ಹೆಂಗೇ ಬೇಯುತ್ತೆ?"

"ಹೊಟ್ಟೆಕಿಚ್ಚಲ್ಲೇ ಬೇಯೋ ಹಂಗಿದ್ರೆ ನಿಂದು ಬೆಳಿಗ್ಗೇನೇ ಬೆಂದಿರ್ತಿತ್ತು ಬಿಡು."

ಎದುರಿನಲ್ಲಿ ಕರಿಮಣ್ಣಿನ ಮಡಕೆ ಮಾರುತ್ತಿದ್ದ ಮುದುಕಿ ಫಿಲೊಗೋನಿಯಾ ಎದ್ದು ನಿಂತಳು. ಸಿಟ್ಟು ಕಂಡ ತಮಾಲೆ ಬೇಯುವುದಿಲ್ಲ, ಸಿಟ್ಟಾದವರೇ ಪಾತ್ರೆಯ ಮುಂದೆ ಕುಣಿದು ಅದನ್ನು ರಮಿಸಬೇಕು. ಇದು ಆ ಊರಿನ ಹಾಲುಗಲ್ಲದ ಮಗುವಿಗೂ ಗೊತ್ತು.

"ಕುಣೀರೇ ಇಬ್ರೂ! ಕಚ್ಚಾಡೋವಾಗ ಇಲ್ದಿದ್ದ ನಾಚಿಕೆ ಈಗ್ಯಾಕೆ?"

"ಇವಳ ಜೊತೆಗಾ? ನಾನು ಸತ್ರೂ ಇಲ್ಲ" ಎಂದಳು ತೊಮಾಸಾ. ಅಷ್ಟರಲ್ಲಿ ತೀರ್ಪುಗಾರರು ಪಕ್ಕದ ಮಳಿಗೆಗೆ ಬಂದರು. ಅವಳು ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿ ಕುಣಿಯತೊಡಗಿದಳು.

ಎರ್ಮಿನಿಯಾಳೂ ಸೂಜಿ ಬಿಟ್ಟು ಬಂದಳು. ಬೇಕೆಂದೇ ಒಬ್ಬರ ಕಾಲನ್ನು ಒಬ್ಬರು ತುಳಿದರು. "ಕಲ್ಲುಗಳ್ಳಿ!" "ಗಯ್ಯಾಳಿ!" ಎಂದು ತಾಳ ತಪ್ಪದೆ ಬೈದುಕೊಂಡರು. ಸುತ್ತ ಜನ ನೆರೆದು ಮೊಬೈಲು ಎತ್ತಿ ಹಿಡಿದರು. ತೀರ್ಪುಗಾರರಲ್ಲೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಸುಗ್ಗಿ ಕುಣಿತ!" ಉಲಿಸೆಸ್ ಘೋಷಿಸಿದ. ಅಂಥದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. "ಮೂರು ಸಾವಿರ ವರ್ಷ ಹಳೇದು. ಭೂಮಿ ಮಳೆ ಜೊತೆ ಮಾತಾಡ್ತಿದೆ, ಕೇಳಿ!"

ನೃತ್ಯ ವಿಭಾಗದ ಪದಕ ಇಬ್ಬರ ಕೊರಳಿಗೂ ಬಿತ್ತು. ಚರ್ಚಿನೆದುರಿನ ಮಳಿಗೆಯೂ ಸಿಕ್ಕಿತು, ಇಬ್ಬರಿಗೂ ಸೇರಿ. ಪ್ರತಿವರ್ಷ ಇದೇ ಜೋಡಿ, ಇದೇ ಕುಣಿತ ಎಂಬುದು ಷರತ್ತು.

"ಸ್ವಾಮೀ, ತಮಾಲೆ ರುಚಿ ನೋಡಲ್ವಾ?" ಏದುಸಿರು ಬಿಡುತ್ತ ತೊಮಾಸಾ ಕೇಳಿದಳು.

"ನಮ್ದು ಹೋಟೆಲ್ನಲ್ಲೇ ಊಟ ಆಯ್ತಮ್ಮಾ" ಎನ್ನುತ್ತ ತೀರ್ಪುಗಾರರು ಮುಂದೆ ಹೋದರು.

ಮುಚ್ಚಳ ತೆಗೆದಳು. ತಮಾಲೆ ಹದವಾಗಿ ಬೆಂದಿತ್ತು. ಅವಳಿಗೆ ಅಳುವೇ ಬಂತು. ಸುತ್ತಲಿನವರ ಕಣ್ಣೆಲ್ಲ ಮೊಬೈಲಿನ ಮೇಲೇ; ತಿನ್ನುವವರು ಬೇರಾರೂ ಇಲ್ಲವೆಂದು ಒಂದನ್ನು ಬಿಚ್ಚಿ ಎರ್ಮಿನಿಯಾಳ ಮುಂದೆ ಹಿಡಿದಳು. ಅವಳು ಕಣ್ಣು ಮುಚ್ಚಿ ನಿಧಾನವಾಗಿ ತಿಂದಳು.

"ಅಕ್ಕಾ, ಥೇಟ್ ಅತ್ತೆ ಕೈರುಚಿ."

ಆ ಮಾತನ್ನು ಕೇಳಲು ತೊಮಾಸಾ ಎಷ್ಟೋ ವರ್ಷ ಕಾದಿದ್ದಳು. ಕಲ್ಲನ್ನೂ ಹೂಕುಂಡವನ್ನೂ ಕ್ಷಮಿಸಿಬಿಡೋಣ ಅನ್ನಿಸಿತು.

"ಉಪ್ಪೊಂದು ಕಮ್ಮಿ" ಎಂದಳು ಎರ್ಮಿನಿಯಾ.

ತೊಮಾಸಾ ಸೌಟು ಎತ್ತಿದಳು. ಸುತ್ತ ನಿಂತವರು ಮತ್ತೆ ಮೊಬೈಲು ಎತ್ತಿದರು.