ಬಿಳಿಯೂರಿನ ಕಲ್ಲು

ಉದ್ಘಾಟನೆಗೆಂದು ನಿಲ್ಲಿಸಿದ್ದ ಕಲ್ಲಿಗೆ ಹೊದಿಸಿದ್ದ ತೆರೆಯ ಅಂಚೆತ್ತಿ ಬರಹವನ್ನು ಓದುತ್ತಿದ್ದಂತೆ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಹಿಂದೊಮ್ಮೆ ಯಾವನೋ ರಾಜನ ಬಿಳಿ ಕುದುರೆ ಇಲ್ಲಿನ ಹೊಳೆಯಲ್ಲಿ ನೀರು ಕುಡಿಯಿತಂತೆ, ಅದಕ್ಕೇ ಈ ನಗರವನ್ನು ಹಿರಿಯರು ಬಿಳಿಯೂರು ಎಂದು ಕರೆದರಂತೆ. ಕುದುರೆಗೆ ಬಾಯಾರಿದ್ದಕ್ಕೆ ಊರಿಗೊಂದು ಹೆಸರು! ಬರೆಸಿದವನು ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಬರೆಸಿದವನು ಅವಳ ಸ್ವಂತ ಅಣ್ಣ, ನಗರಸಭೆಯ ಅಧ್ಯಕ್ಷ.

ಊರಿಗೆ ಆ ಹೆಸರು ಬಂದದ್ದು ಸುಣ್ಣದಿಂದ. ಹೊಳೆಯ ದಂಡೆಯುದ್ದಕ್ಕೂ ಸುಣ್ಣ ಸುಡುವ ಗೂಡುಗಳಿದ್ದವು. ಪುಡಿ ಗಾಳಿಗೆ ಹಾರಿ ಮನೆಯ ಮಾಡು, ಮರದ ಎಲೆ, ಜನರ ಹುಬ್ಬು ಎಲ್ಲವೂ ಬೆಳ್ಳಗೆ. ದೋಣಿಯವರು ದೂರದಿಂದಲೇ ಕಂಡು ಬಿಳಿಯೂರು ಬಂತು ಅನ್ನುತ್ತಿದ್ದರು. ಕೊನೆಗೆ ಉಳಿದ ಗೂಡು ಇವರ ಮನೆಯದೇ. ಅಲ್ಲಿ ಸುಣ್ಣ ಸಿಡಿದು ಅಮ್ಮನ ಎಡಗಣ್ಣು ಹೋಗಿತ್ತು, ಈಗ ಬಲಗಣ್ಣೂ ಮಂಜಾಗುತ್ತಿತ್ತು. ಅದೂ ಹೋಗುವ ಮೊದಲು ಕಲ್ಲಿನ ಮೇಲೆ ಸುಣ್ಣದವರ ಹೆಸರು ನೋಡಬೇಕೆಂಬುದು ಅವಳ ಆಸೆ. ಮಗ ಆಗಲಿ ಎಂದಿದ್ದ.

“ಏನಣ್ಣ ಇದು? ಅಮ್ಮಂಗೆ ಮಾತು ಕೊಟ್ಟಿದ್ದೆ!”

“ಮೆಲ್ಲಗೆ ಮಾತಾಡೆ. ಕುದುರೆ ಅಂದ್ರೆ ನಾಲ್ಕು ಜನ ನೋಡೋಕೆ ಬರ್ತಾರೆ. ಸುಣ್ಣ ಅಂದ್ರೆ ಯಾರು ಬರ್ತಾರೆ? ನನ್ನನ್ನೂ ಸುಣ್ಣದವನು ಅಂತ ಆಡ್ಕೋತಾರೆ, ಅಷ್ಟೆ.”

“ನೀನು ಉಂಡಿದ್ದು, ಓದಿದ್ದು ಎಲ್ಲಾ ಅದರಲ್ಲೇ ಅಲ್ವಾ?”

ಅವನು ಕೋಟು ಕೊಡವಿಕೊಂಡು ವೇದಿಕೆ ಹತ್ತಿದ. ಮುಂದಿನ ಸಾಲಿನಲ್ಲಿ ಅಮ್ಮ ಕನ್ನಡಕ ಒರೆಸುತ್ತಾ ಕಾಯುತ್ತಿದ್ದಳು. ಅದನ್ನು ನೋಡಿ ಟೀಚರಿಗೆ ಅಳು ಬರಲಿಲ್ಲ, ಯಾರಿಗಾದರೂ ಎರಡು ಬಾರಿಸಬೇಕೆನಿಸಿತು.

ಅಣ್ಣನ ಭಾಷಣದಲ್ಲಿ ಕುದುರೆ ಇನ್ನೇನು ಹೊಳೆ ಮುಟ್ಟಬೇಕು. ಹಿಂದಿನ ಗೋಡೆಗೆ ಸುಣ್ಣ ಬಳಿಯುವ ಕೆಲಸ ಇನ್ನೂ ಮುಗಿದಿರಲಿಲ್ಲ. ಬಳಿಯುವವನೊಬ್ಬ ವೇದಿಕೆಯ ಪಕ್ಕದ ಡ್ರಮ್ಮಿನಲ್ಲಿದ್ದ ಸುಟ್ಟ ಸುಣ್ಣದ ಮೇಲೆ ಒಂದು ಬಕೆಟ್ ನೀರು ಸುರಿದು, ಅದು ಕುದಿದು ಅರಳುವುದನ್ನು ನೋಡಲು ಬಗ್ಗಿದ.

“ಮುಖ ತಿರುಗ್ಸೋ! ಮುಖ!”

ಮೈಕಿನಲ್ಲಿ ಅಣ್ಣನ ದನಿ ಚೀರಿತು. ಗೂಡಿನ ಬಳಿ ಅಮ್ಮ ಇಬ್ಬರು ಮಕ್ಕಳಿಗೂ ದಿನವೂ ಕೂಗುತ್ತಿದ್ದ ಮಾತು ಅದು. ಬಳಿಯುವವನು ಹಿಂದಕ್ಕೆ ನೆಗೆದ. ಅವನ ಮುಖ ಇದ್ದ ಕಡೆ ಸುಣ್ಣ ಬುಸ್ಸೆಂದು ಸಿಡಿಯಿತು. ಜನ ಚಪ್ಪಾಳೆ ತಟ್ಟಿದರು.

“ನಿಮಗೆ ಹೇಗೆ ಗೊತ್ತಾಯ್ತು ಸಾರ್?” ಎಂದು ಯಾರೋ ಕೇಳಿದರು.

ಈಗಲಾದರೂ ಹೇಳು ಮಹರಾಯ ಎಂದುಕೊಂಡು ಟೀಚರು ಮುಂದಕ್ಕೆ ಬಂದಳು. ಅವನು ಅಮ್ಮನ ಕಡೆ ನೋಡಿದ, ಕೂಡಲೇ ಕಣ್ಣು ತಪ್ಪಿಸಿದ.

“ಎಲ್ಲೋ ಓದಿದ್ದೆ,” ಎಂದು ನಕ್ಕು ತೆರೆ ಎಳೆದುಬಿಟ್ಟ.

ಅಮ್ಮ ತಡವರಿಸುತ್ತಾ ಕಲ್ಲಿನ ಹತ್ತಿರ ಬಂದಳು. “ಓದೇ. ನಮ್ಮದು ಎಲ್ಲಿದೆ?”

ಟೀಚರು ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, ಗೋಡೆಗೆಂದು ಕಲಸಿಟ್ಟಿದ್ದ ಸುಣ್ಣದ ಬಕೆಟ್ಟಿಗೆ ಬ್ರಷ್ ಅದ್ದಿ, ಕಲ್ಲಿನ ಮೇಲೆ ಅಡ್ಡಡ್ಡ ಬಳಿದಳು.

“ಏಯ್! ತಲೆ ಕೆಟ್ಟಿದೆಯಾ ನಿನಗೆ?” ಅಣ್ಣ ಓಡಿಬಂದ.

“ಎಲ್ಲೋ ಓದಿದ್ಯಲ್ಲ, ಇದನ್ನೂ ಓದ್ಕೋ!”

ಅಮ್ಮ ಮೂಗು ತಾಗುವಷ್ಟು ಹತ್ತಿರದಿಂದ ಕಲ್ಲನ್ನು ನೋಡಿದಳು.

“ಒಂದೇ ಕೈಗೆ ಅಕ್ಷರ ಮುಚ್ಚಲ್ಲ ಕಣೆ. ಇನ್ನೊಂದು ಕೈ ಬಳಿ,” ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. “ಅಧ್ಯಕ್ಷರೇ, ಸಿಡಿಯುತ್ತೆ. ಮುಖ ತಿರುಗಿಸ್ಕೊಳ್ಳಿ.”