ಶೀಟಿನಂಚಿನ ಮಳೆ

"ಎಂಬತ್ತೈದು ಅಂದ್ರೆ ಎಂಬತ್ತೈದು! ನನ್ನ ಕಣ್ಣಾರೆ ನೋಡಿದ್ದೇನೆ. ನಿನಗೆ ಎಂತ ಅನ್ಸುತ್ತೆ ಅಂತ ಯಾರು ಕೇಳಿದ್ದು?"

ಪೊನ್ನಪ್ಪ ಕಾಫಿ ಲೋಟವನ್ನು ಜಗಲಿಯ ಮೇಜಿನ ಮೇಲೆ ಕುಕ್ಕಿದರು. ಕಾಫಿ ಚೆಲ್ಲಿ ದಿನಪತ್ರಿಕೆಯನ್ನು ನೆನೆಸಿತು. ಅವರ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಲಿಖಿತಾ ಎರಡು ಮೆಟ್ಟಿಲು ಕೆಳಗೆ, ಎದೆಗೆ ನೋಟ್‌ಬುಕ್ ಅವುಚಿಕೊಂಡು ನಿಂತಿದ್ದಳು.

"ಅಷ್ಟು ಇರ್ಲಿಕ್ಕಿಲ್ಲ ಅಂತ... ಅನ್ಸುತ್ತೆ ಸರ್."

"ಮತ್ತೆ ಅನ್ಸುತ್ತೆ! ಮೂರು ವರ್ಷದಿಂದ ಇದೇ ರಾಗ. ಉಂಟು ಅನ್ನು, ಇಲ್ಲ ಅನ್ನು. ಆಚೆ ಈಚೆ ತೂಗ್ಲಿಕ್ಕೆ ನೀನೇನು ತೊಟ್ಟಿಲಾ?"

"ಇನ್ನೊಂದ್ಸಲ ನೋಡಿ ಹೇಳ್ತೀನಿ ಸರ್."

"ನೋಡು ನೋಡು. ಹನ್ನೆರಡು ಗಂಟೆಗೆ ಪಂಪ್ ಗೋಣಿಕೊಪ್ಪಕ್ಕೆ ಹೋಗ್ತದೆ. ಅಲ್ಲೀವರೆಗೆ ಕಣ್ಣು ತುಂಬಾ ನೋಡು!" ಎಂದು ಪೊನ್ನಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಜಗಳ ಮಳೆಯದ್ದು. ಕೊಡಗಿನಲ್ಲಿ ಮಾರ್ಚ್ ತಿಂಗಳಲ್ಲಿ ಮಳೆ ಬಂದರೆ ಯಾರೂ ಆಕಾಶ ನೋಡುತ್ತ ಕೂರುವುದಿಲ್ಲ, ಫೋನ್ ಹಿಡಿಯುತ್ತಾರೆ. "ನಿಮ್ಮಲ್ಲಿ ಎಷ್ಟು ಸೆಂಟು?" ಎನ್ನುವುದೇ ಮೊದಲ ಮಾತು. ನೂರು ಸೆಂಟು ಸೇರಿದರೆ ಒಂದು ಇಂಚು. ಅಷ್ಟಿಷ್ಟು ಕಡಿಮೆಯಾದರೂ ಇಂಚಿನ ಹತ್ತಿರ ಬಿದ್ದರೆ ಒಂಬತ್ತನೆಯ ದಿನ ಕಾಫಿ ತೋಟವಿಡೀ ಬೆಳ್ಳಗೆ ಹೂವಾಗುತ್ತದೆ. ಮೂವತ್ತು ನಲವತ್ತು ಸೆಂಟು ಬಿದ್ದು ನಿಂತರೆ ಮಾತ್ರ ಒಂದು ಹನಿಯೂ ಬೀಳದಿದ್ದುದಕ್ಕಿಂತ ಕೇಡು. ಮೊಗ್ಗು ಅರ್ಧ ಉಬ್ಬಿ, ಮುಂದೆ ಹೋಗಲಾರದೆ, ತುದಿ ಕೆಂಪಾಗಿ ಉದುರಿಹೋಗುತ್ತದೆ. ಹಾಗಾಗಬಾರದೆಂದರೆ ಕೂಡಲೇ ಪಂಪಿನಿಂದ ಕೆರೆಯ ನೀರೆತ್ತಿ, ಸ್ಪ್ರಿಂಕ್ಲರ್ ಹಚ್ಚಿ ಉಳಿದ ನೀರನ್ನು ನಾವೇ ಕೊಡಬೇಕು.

ಮೊನ್ನೆ ಸಂಜೆ ನಾಲ್ಕು ಗಂಟೆಗೆ ಪಾಲಿಬೆಟ್ಟದ ಹತ್ತಿರದ ಈ ಎಸ್ಟೇಟಿಗೆ ಗಾಳಿ ಸಮೇತ ಮಳೆ ಬಂತು. ನಿಂತ ಕೂಡಲೇ ಪೊನ್ನಪ್ಪ ಸ್ವತಃ ಅಂಗಳದ ಮಳೆಮಾಪಕದ ನೀರು ಅಳೆದರು. ಎಂಬತ್ತೈದು ಸೆಂಟು! ಖುಷಿಯಲ್ಲಿ ಗೋಣಿಕೊಪ್ಪಲಿನ ಭಾವನಿಗೆ ಫೋನ್ ಮಾಡಿ, "ನನಗೆ ಈ ವರ್ಷ ಪಂಪೇ ಬೇಡ, ನಿನಗೇ ಕಳಿಸಿಕೊಡ್ತೇನೆ" ಎಂದರು. ಪೊನ್ನಪ್ಪನವರು ಕೊಟ್ಟ ಮಾತು ಎಂದರೆ ಬಂಡೆಗೆ ಹೊಡೆದ ಮೊಳೆ. ಹೊಡೆಯುವುದು ಕಷ್ಟ, ಕೀಳುವುದು ಇನ್ನೂ ಕಷ್ಟ.

ಲಿಖಿತಾಳ ಲೆಕ್ಕ ಬೇರೆ ಇತ್ತು. ಮೇಲಿನ ಬ್ಲಾಕಿನಲ್ಲಿ, ಮರದ ನೆರಳು ಬೀಳದ ನಾಲ್ಕು ಕಡೆ ಅವಳು ಹಾಲಿನ ಪುಡಿಯ ಖಾಲಿ ಡಬ್ಬಿ ಇಟ್ಟಿದ್ದಳು. ಯಾರೂ ಇಡಿಸಿದ್ದಲ್ಲ. ಒಂದೇ ಮಳೆ ಗುಡ್ಡದ ಮೇಲೂ ಕೆಳಗೂ ಒಂದೇ ಸಮ ಬೀಳುತ್ತದೆಯೇ ಎಂದು ಅವಳಿಗೆ ಕುತೂಹಲ, ಅಷ್ಟೆ. ಸ್ಕೂಲಿನ ಸ್ಕೇಲು ಇಳಿಸಿ ನೋಡಿದರೆ ಮೂರು ಡಬ್ಬಿಯಲ್ಲಿ ನಲವತ್ತರ ಆಸುಪಾಸು, ಒಂದರಲ್ಲಿ ಅರವತ್ತು.

ಹೋದ ವರ್ಷವೂ ಹೀಗೇ ಆಗಿತ್ತು. ಅಂಗಳದ ಮಾಪಕ ತೊಂಬತ್ತು ಎಂದಿತು, ಡಬ್ಬಿಗಳು ಐವತ್ತು ಎಂದವು. ಇನ್ನೊಂದು ಮಳೆ ನೋಡಿ ಹೇಳೋಣ ಎಂದು ಲಿಖಿತಾ ಕಾದಳು. ಕಾದದ್ದೇ ಬಂತು. ಮೇಲಿನ ಬ್ಲಾಕಿನ ಹದಿನಾರು ಎಕರೆಯಲ್ಲಿ ಮೊಗ್ಗು ಸುಟ್ಟುಹೋಯಿತು. ಪೊನ್ನಪ್ಪ ಗೊಬ್ಬರವನ್ನು ಬೈದರು, ಜೇನುನೊಣವನ್ನು ಬೈದರು. ಲಿಖಿತಾ ಬಾಯಿಗೆ ಬೀಗ ಹಾಕಿಕೊಂಡು ಕುಳಿತಳು. ಈ ಸಲ ಪಂಪ್ ಗೇಟು ದಾಟಿತೆಂದರೆ ವಾರಗಟ್ಟಲೆ ಬರುವುದಿಲ್ಲ, ಅಷ್ಟರಲ್ಲಿ ಮೊಗ್ಗು ಮುಗಿದಿರುತ್ತದೆ.

ಅವಳು ಹುಟ್ಟಿದ್ದೇ ಹಾಗೆ. ಅವಳ ತಾತ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದವರು. ಮನೆಯಲ್ಲಿ ಎಲ್ಲರಿಗೂ ದೊಡ್ಡ ಗಂಟಲು, ಇವಳೊಬ್ಬಳಿಗೆ ಇಲ್ಲ. ಒಮ್ಮೆ ಗೋಣಿಕೊಪ್ಪಲಿನಲ್ಲಿ ಚಪ್ಪಲಿ ಕೊಳ್ಳಲು ಹೋಗಿ, ಕಂದೋ ಕಪ್ಪೋ ಎಂದು ಯೋಚಿಸುತ್ತಿರುವಾಗಲೇ ಅಂಗಡಿಯವನು ಊಟಕ್ಕೆಂದು ಶಟರ್ ಎಳೆದಿದ್ದ. ಬರಿಗೈಯಲ್ಲಿ ಬಂದಳು. ಒಬ್ಬಳೇ ಇದ್ದಾಗ ಅವಳ ತಲೆ ಚುರುಕು. ಎದುರಿಗೊಬ್ಬರು ನಿಂತು "ಹೂಂ, ಹೇಳು" ಎಂದರೆ ಸಾಕು, ಹತ್ತು ದಾರಿ ಒಟ್ಟಿಗೆ ಕಂಡು ಯಾವುದನ್ನೂ ಹಿಡಿಯಲಾರಳು.

ಈಗ ಹತ್ತೂವರೆ. ಅವಳು ಅಂಗಳಕ್ಕೆ ಹೋಗಿ ಮಾಪಕದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಅದರ ಪಕ್ಕದಲ್ಲೇ, ಎರಡಡಿ ದೂರದಲ್ಲಿ, ಜೀಪ್ ಶೆಡ್ಡಿನ ತಗಡಿನ ಶೀಟು ಚಾಚಿತ್ತು. ಎರಡು ವರ್ಷದ ಹಿಂದೆ ಪೊನ್ನಪ್ಪ ತಾವೇ ನಿಂತು ಕಟ್ಟಿಸಿದ ಶೆಡ್ಡು. ಮಾಪಕದ ಲೆಕ್ಕ ಕೆಟ್ಟದ್ದೂ ಎರಡು ವರ್ಷದಿಂದ. ಶೀಟಿನ ನೀರು ಮಾಪಕಕ್ಕೆ ಬೀಳುತ್ತಿದೆಯೇ?

ಬಕೆಟ್ಟಿನಲ್ಲಿ ನೀರು ತಂದು, ಏಣಿ ಹತ್ತಿ, ಶೀಟಿನ ಮೇಲೆ ಸುರಿದಳು. ನೀರು ಅಂಚಿನಿಂದ ನೇರ ನೆಲಕ್ಕೆ ಬಿತ್ತು. ಮಾಪಕದೊಳಗೆ ಒಂದು ಹನಿಯೂ ಇಲ್ಲ.

"ಏನ್ ರೈಟ್ರಮ್ಮ, ಶೆಡ್ಡಿಗೆ ಎಣ್ಣೆಸ್ನಾನನಾ?" ಲಿಂಗಿ ಕೇಳಿದಳು. ಕೂಲಿಯಾಳುಗಳ ಲೈನ್ ಮನೆಯ ಹಿರಿಯಾಳು. ಕಣದಲ್ಲಿ ಕರಿಮೆಣಸು ಕೇರುತ್ತಿದ್ದವಳು ಮೊರ ಹಿಡಿದೇ ಎದ್ದು ಬಂದಿದ್ದಳು. "ಸೀಗೆಪುಡಿ ತರ್ಲಾ?"

ಲಿಖಿತಾ ನಗಲಿಲ್ಲ. ಅವಳ ಕಣ್ಣು ಮೊರದ ಮೇಲಿತ್ತು. "ಲಿಂಗಜ್ಜಿ, ಮೊನ್ನೆ ಗಾಳಿ ಎತ್ಲಾಗಿಂದ ಇತ್ತು?"

"ಈ ಶೆಡ್ಡಿನ ಕಡೆಯಿಂದ್ಲೇ. ನನ್ನ ಸೀರೆ ಹಾರಿ ಸಾವ್ಕಾರ್ರ ಗುಲಾಬಿ ಗಿಡಕ್ಕೆ ಉಡಿಸ್ಬಿಟ್ಟಿತ್ತಲ್ಲ!"

"ಆ ಕಡೆ ನಿಂತು ಮೊರ ಜೋರಾಗಿ ಬೀಸು."

"ಯಾರಿಗೆ?"

"ನೀರಿಗೆ."

ಲಿಂಗಿ ಅವಳ ಮುಖ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬೀಸಿದಳು. ಲಿಖಿತಾ ಎರಡನೆಯ ಬಕೆಟ್ ಸುರಿದಳು. ಅಂಚಿನ ನೀರು ಓರೆಯಾಯಿತು, ಚದುರಿತು, ಟಪಟಪನೆ ಮಾಪಕದ ಬಾಯಿಗೆ ಬಿತ್ತು.

"ಅಯ್ಯ ಕಳ್ಳ ಮುಂಡೇದೇ!" ಎಂದಳು ಲಿಂಗಿ, ಮಾಪಕಕ್ಕೆ.

ಲಿಖಿತಾ ಇಳಿದು ಬಂದು ಮಾಪಕದ ಬಾಯಿಯೊಳಗೆ ಬೆರಳಾಡಿಸಿದಳು. ಶೆಡ್ಡಿನ ಕಡೆಯ ಒಂದೇ ಮಗ್ಗುಲಲ್ಲಿ ಕಂದು ಗೆರೆಗಳು ಒಣಗಿ ಕೂತಿದ್ದವು. ಶೀಟಿನ ಮೊಳೆಯ ತುಕ್ಕು. ಆಕಾಶದಲ್ಲಿ ತುಕ್ಕು ಹಿಡಿಯುವ ಮೊಳೆ ಇಲ್ಲ.

ಇನ್ನೇನು ಬೇಕಿತ್ತು? ಬೇರೆಯವರಾಗಿದ್ದರೆ ಕೂಗಿಕೊಂಡು ಓಡುತ್ತಿದ್ದರು. ಲಿಖಿತಾ ನೋಟ್‌ಬುಕ್ ತೆರೆದು ಕುಳಿತಳು. ಶೀಟಿನ ನೀರು ಬಿದ್ದದ್ದು ನಿಜ, ಆದರೆ ಎಷ್ಟು? ಮೊರದ ಗಾಳಿಯೂ ಮೊನ್ನೆಯ ಗಾಳಿಯೂ ಒಂದೇಯಾ? ಅರವತ್ತು ತೋರಿಸಿದ ಡಬ್ಬಿಯೇ ಸರಿಯಿದ್ದು ಉಳಿದ ಮೂರು ತಪ್ಪಿದ್ದರೆ? ನಾಳೆಯೇ ಮಳೆ ಬಂದರೆ? ಕೆರೆಯಲ್ಲಿರುವುದು ಒಂದು ಸುತ್ತಿನ ನೀರು ಮಾತ್ರ. ಪುಟ ತುಂಬಿತು. ಮಗುಚಿ ಬರೆದಳು.

"ಇನ್ನೂ ಏನ್ ಬರೀತೀಯ?" ಎಂದಳು ಲಿಂಗಿ.

"ಖಾತ್ರಿ ಆಗ್ಲಿ ಅಂತ, ಲಿಂಗಜ್ಜಿ."

"ಯಾರಿಗೆ?"

ಲಿಖಿತಾಳ ಪೆನ್ನು ನಿಂತಿತು. ತನಗಂತೂ ಹೋದ ವರ್ಷವೇ ಖಾತ್ರಿಯಾಗಿತ್ತಲ್ಲ! ಹಾಗಾದರೆ ಈ ಪುಟಗಳೆಲ್ಲ ಏತಕ್ಕೆ? ಅವಳು ಬೇರೆಯವರ ಪುಸ್ತಕವೆಂಬಂತೆ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಎಲ್ಲ ಪುಟದಲ್ಲೂ ಒಂದೇ ಸಂಗತಿ. ಪೊನ್ನಪ್ಪ ಬಾಯೆತ್ತಲಾಗದಂಥ ಲೆಕ್ಕವೊಂದು ಸಿಕ್ಕರೆ ತಾನು ಬಾಯಿ ತೆರೆಯುವುದೇ ಬೇಡ, ಲೆಕ್ಕವೇ ಮಾತಾಡುತ್ತದೆ ಎಂದು ಹುಡುಕುತ್ತಿದ್ದಳು. ಅಂಥ ಲೆಕ್ಕ ಎಲ್ಲಿಯೂ ಇಲ್ಲ. ಪೊನ್ನಪ್ಪ ಪಂಚಾಂಗದ ಜೊತೆಗೂ ಜಗಳವಾಡುವ ಮನುಷ್ಯ.

ಹನ್ನೆರಡಾಗುತ್ತಲೇ ಶೆಡ್ಡಿನಲ್ಲಿ ಜೀಪ್ ಗುರ್ರೆಂದಿತು. ಡ್ರೈವರ್ ರವಿ ಪಂಪನ್ನು ಹಿಂದೆ ಕಟ್ಟಿಕೊಂಡು ಅಂಗಳಕ್ಕೆ ತಂದ.

ಲಿಖಿತಾ ಎದ್ದು ಹೋಗಿ ಜೀಪಿನ ಮುಂದೆ ನಿಂತಳು.

"ರವಿಯಣ್ಣ, ಗೋಣಿಕೊಪ್ಪ ಬೇಡ. ಮೇಲಿನ ಕೆರೆಗೆ ಹೊಡಿ."

"ಸಾವ್ಕಾರ್ರು ಹೇಳಿದ್ರಾ?"

"ಇಲ್ಲ. ನಾನು ಹೇಳ್ತಿರೋದು."

ರವಿ ಇಂಜಿನ್ ಆರಿಸಿದ. ಮೂರು ವರ್ಷದಲ್ಲಿ ಈ ಹುಡುಗಿ 'ನಾನು' ಎಂದದ್ದನ್ನು ಅವನು ಕೇಳಿರಲಿಲ್ಲ. "ಆಮೇಲೆ ಬೈಗುಳ ಯಾರಿಗೆ?"

"ನನಗೆ."

"ಎಂತ ಬೈಗುಳ? ಎಂತ ಕೆರೆ?" ಬಾಗಿಲು ತೆರೆದು ಪೊನ್ನಪ್ಪ ಹೊರಗೆ ಬಂದರು. "ಪಂಪ್ ಯಾಕೆ ನಿಂತಿತು?"

ಲಿಖಿತಾ ಮೆಟ್ಟಿಲ ಬಳಿ ಬಂದಳು. ಧೈರ್ಯ ಬಂದ ಮೇಲೆ ಮಾತಾಡೋಣ ಎಂದು ಕಾದಿದ್ದರೆ ಈ ವರ್ಷದ ಹೂವೂ ಹೋಗುತ್ತಿತ್ತು.

"ಮಳೆ ಗೇಜಿಗೆ ನಿಮ್ಮ ಜೀಪ್ ಶೆಡ್ಡಿನ ನೀರು ಬೀಳ್ತಿದೆ ಸರ್. ಮೇಲಿನ ಬ್ಲಾಕಲ್ಲಿ ಬಿದ್ದಿರೋದು ಬರೀ ನಲವತ್ತು ಸೆಂಟು. ಹೋದ ವರ್ಷಾನೂ ಹೀಗೇ ಆಗಿತ್ತು. ನನಗೆ ಗೊತ್ತಿತ್ತು. ಹೇಳ್ಲಿಲ್ಲ."

ಪೊನ್ನಪ್ಪ ಜಗಲಿಯ ಅಂಚಿಗೆ ಬಂದರು. "ಗೊತ್ತಿತ್ತಾ? ಹದಿನಾರು ಎಕರೆ ಸುಟ್ಟುಹೋಗ್ವಾಗ ಗೊತ್ತಿತ್ತಾ ನಿನಗೆ?"

"ಹೌದು ಸರ್. ತಪ್ಪು ನನ್ನದೇ."

"ನನ್ನ ಶೆಡ್ಡಿಗೆ ಹೆಸರಿಡ್ತೀಯ! ಭಾವನಿಗೆ ನಾನು ಎಂತ ಮುಖ ತೋರಿಸ್ಲಿ? ನಾಳೆ ಮಳೆ ಬಂದು ಕೆರೆ ನೀರೆಲ್ಲ ದಂಡ ಆದ್ರೆ?"

"ಆದ್ರೆ ಆಯ್ತು ಸರ್. ಆಗ ನನ್ನನ್ನ ಕೆಲಸದಿಂದ ತೆಗೀರಿ. ಇವತ್ತು ನೀರು ಬಿಡ್ಲೇಬೇಕು."

ಅವಳು ನೋಟ್‌ಬುಕ್ಕನ್ನು ಮೇಜಿನ ಮೇಲೆ, ಕಾಫಿ ಚೆಲ್ಲಿದ ಪತ್ರಿಕೆಯ ಪಕ್ಕ ಇಟ್ಟು ತಿರುಗಿದಳು.

"ಏಯ್, ನಾನು ಮಾತಾಡ್ತಾ ಇದ್ದೇನೆ! ಎಲ್ಲಿಗೆ ಹೋಗ್ತೀಯ? ಬಾ ಇಲ್ಲಿ. ಎರಡು ನಿಮಿಷ ಕೂತು ಯೋಚನೆ ಮಾಡು, ಮಾರಾಯ್ತಿ!"

ಲಿಂಗಿ ಮೊರ ಅಡ್ಡ ಹಿಡಿದು ನಕ್ಕಳು. ಲಿಖಿತಾ ಜೀಪ್ ಹತ್ತಿ ರವಿಯ ಪಕ್ಕ ಕುಳಿತಳು. ಜೀಪ್ ಗೇಟಿನ ಕಡೆಗಲ್ಲ, ಗುಡ್ಡದ ಕಡೆಗೆ ತಿರುಗಿತು.

ಪೊನ್ನಪ್ಪ ಮೂರು ಸಲ ಹೆಸರು ಹಿಡಿದು ಕೂಗಿದರು. ಒಳಗೆ ಫೋನ್ ಬಡಿದುಕೊಳ್ಳತೊಡಗಿತು. ಭಾವನದ್ದೇ ಇರಬೇಕು. ಅವರು ಎತ್ತಲಿಲ್ಲ. ಅಂಗಳಕ್ಕೆ ಇಳಿದು ಮಾಪಕದೊಳಗೆ ಬೆರಳಿಟ್ಟು ನೋಡಿದರು, ಬೆರಳನ್ನು ಮೂಸಿದರು, ತಲೆಯೆತ್ತಿ ಶೀಟಿನ ಅಂಚು ನೋಡಿದರು.

"ಆ ಮೊರ ಇಲ್ಲಿ ಕೊಡು" ಎಂದರು ಲಿಂಗಿಗೆ. "ಬಕೆಟ್ ಹಿಡ್ಕೊಂಡು ಏಣಿ ಹತ್ತು."

ಲಿಂಗಿ ಏಣಿ ಹತ್ತಿ ನಿಂತವಳು ಗುಡ್ಡದ ದಾರಿಯನ್ನು ನೋಡಿದಳು. ಧೂಳು ಇಳಿದಿತ್ತು. ಅಷ್ಟು ಕೂಗಿದರೂ ಲಿಖಿತಾ ತಿರುಗಿ ಬಂದಿರಲಿಲ್ಲ.